ಬೋರ್ಡಿರುವ ಅರಳಿ, ಬೋರ್ಡಿಲ್ಲದ ಸಾಲುಮರ: ಸೇವಾಗ್ರಾಮದ ಒಂದು ಪ್ರಕರಣ

ಮಹಾರಾಷ್ಟ್ರದ ವಾರ್ಧಾ ಪಟ್ಟಣದಿಂದ ಸುಮಾರು 8 ಕಿಲೋಮೀಟರ್ ಹೋದರೆ ಸೇವಾಗ್ರಾಮ ಆಶ್ರಮ ಸಿಗುತ್ತದೆ. ಅಲ್ಲಿ ಪ್ರಾರ್ಥನೆ ನಡೆಯುವ ಬಯಲಿನ ಹತ್ತಿರ ಒಂದು ಅರಳಿ ಮರ ಇದೆ. 1936ರಲ್ಲಿ ಗಾಂಧೀಜಿ ನೆಟ್ಟದ್ದು. ಕಸ್ತೂರಬಾ ನೆಟ್ಟ ಬಕುಲದ ಮರವೂ ಅದೇ ಆವರಣದಲ್ಲಿದೆ. ನಮ್ಮ ಕರಾವಳಿಯವರು ಅದನ್ನು ರೆಂಜೆ ಅನ್ನುತ್ತಾರೆ, ಬಯಲುಸೀಮೆಯ ಕಡೆ ಪಗಡೆ ಮರ ಅನ್ನುವವರೂ ಇದ್ದಾರೆ.

ಈ ಬರಹ ಆ ಅರಳಿ ಮರದ ಬಗ್ಗೆ. ಅದರ ಜೊತೆಗೆ, ಅದೇ ಆಶ್ರಮಕ್ಕೆ ಹೋಗುವ ರಸ್ತೆಯಲ್ಲಿ 2020ರಲ್ಲಿ ಕೊಡಲಿಗೆ ಸಿಕ್ಕ ಮರಗಳ ಬಗ್ಗೆಯೂ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಈ ಪ್ರಕರಣ ಪೂರ್ತಿ ಅರ್ಥವಾಗುತ್ತದೆ ಅನ್ನುವುದು ನನ್ನ ನಂಬಿಕೆ. ಒಳಗಿನ ಮರಕ್ಕೆ ಹೆಸರಿದೆ, ಬೋರ್ಡಿದೆ, ಕಾಯುವವರಿದ್ದಾರೆ. ಹೊರಗಿನ ಮರಗಳಿಗೆ ಅದ್ಯಾವುದೂ ಇರಲಿಲ್ಲ. ಆದರೆ ಒಳಗೂ ಹೊರಗೂ ಗಿಡ ನೆಡಿಸಿದ್ದು ಒಂದೇ ಬದುಕಿನ ರೀತಿ.

ಮೊದಲು ನೆಟ್ಟವರ ವಿಷಯ. ಗಾಂಧಿ ಅಂದರೆ ನಮಗೆ ಚರಕ, ಉಪ್ಪು, ಉಪವಾಸ ಇವೇ ಕಣ್ಣಮುಂದೆ ಬರುತ್ತವೆ. ಅವರು ಹತ್ತಿರ ಹತ್ತಿರ ನಾಲ್ಕೂವರೆ ದಶಕ ಪತ್ರಿಕೆಗಳ ಜೊತೆ ಬದುಕಿದವರು ಅನ್ನುವುದು ಹಿಂದೆ ಸರಿದುಬಿಟ್ಟಿದೆ. 1903ರ ಜೂನ್ 4ರಂದು ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ 'ಇಂಡಿಯನ್ ಒಪಿನಿಯನ್' ಶುರುವಾಯಿತು. ಅದರ ನಷ್ಟ ತುಂಬಲು ಅವರ ವಕೀಲಿ ದುಡಿಮೆಯ ಹಣ ಸುರಿದುಹೋಗುತ್ತಿತ್ತು. 1904ರ ಕೊನೆಗೆ ಮುದ್ರಣ ಯಂತ್ರವನ್ನೇ ಊರಾಚೆಗೆ ಫೀನಿಕ್ಸ್‌ನ ಜಮೀನಿಗೆ ಸಾಗಿಸಿದರು. ಅಲ್ಲಿ ಅಕ್ಷರ ಜೋಡಿಸುವವರೂ ಹೊಲದಲ್ಲಿ ಗೆಯ್ಯಬೇಕು, ಹೊಲದಲ್ಲಿ ಗೆಯ್ಯುವವರೂ ಅಕ್ಷರ ಜೋಡಿಸಬೇಕು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಪತ್ರಿಕೆ ಮತ್ತು ಮಣ್ಣಿನ ಕೆಲಸ ಅವರ ಪಾಲಿಗೆ ಎಂದೂ ಬೇರೆ ಬೇರೆ ಆಗಿರಲಿಲ್ಲ.

ಭಾರತಕ್ಕೆ ಬಂದ ಮೇಲೆ 1919ರಲ್ಲಿ 'ನವಜೀವನ' ಮತ್ತು 'ಯಂಗ್ ಇಂಡಿಯಾ'. ಎರಡಕ್ಕೂ ಜಾಹೀರಾತು ತೆಗೆದುಕೊಳ್ಳಲಿಲ್ಲ. ಓದುವವರು ಕೊಡುವ ದುಡ್ಡಲ್ಲೇ ನಡೆಯಬೇಕು, ಇಲ್ಲದಿದ್ದರೆ ನಿಲ್ಲಬೇಕು ಅನ್ನುವ ಹಟ. ಯಂಗ್ ಇಂಡಿಯಾದ ಬರಹಗಳಿಗಾಗಿಯೇ 1922ರ ಮಾರ್ಚ್‌ನಲ್ಲಿ ರಾಜದ್ರೋಹದ ಮೊಕದ್ದಮೆ ಎದುರಿಸಿದರು. ಪತ್ರಿಕೆಯ ಪ್ರಕಾಶಕರಾಗಿದ್ದ ಶಂಕರಲಾಲ್ ಬ್ಯಾಂಕರ್ ಅವರಿಗೂ ಶಿಕ್ಷೆಯಾಯಿತು. ಆಮೇಲೆ 1933ರ ಫೆಬ್ರುವರಿ 11ರಂದು 'ಹರಿಜನ' ವಾರಪತ್ರಿಕೆ ಹೊರಬಂತು. ಆಗ ಗಾಂಧೀಜಿ ಇದ್ದದ್ದು ಯೆರವಾಡ ಜೈಲಿನಲ್ಲಿ! ಅಸ್ಪೃಶ್ಯತೆಯ ವಿರುದ್ಧದ ಕೆಲಸಕ್ಕೇ ಮೀಸಲಾದ ಪತ್ರಿಕೆ. ಮೊದಲ ಸಂಚಿಕೆಯಲ್ಲೇ ಅಂಬೇಡ್ಕರ್ ಅವರು ಕಳಿಸಿದ ಹೇಳಿಕೆ ಇತ್ತು, ಅದೂ ಒಪ್ಪಿಗೆಯ ಮಾತಲ್ಲ. ಜಾತಿ ಇರುವವರೆಗೂ ಜಾತಿಯ ಹೊರಗಿನವರು ಇದ್ದೇ ಇರುತ್ತಾರೆ, ಜಾತಿ ಹೋಗದೆ ಬಿಡುಗಡೆಯಿಲ್ಲ ಅನ್ನುವುದು ಅವರ ನಿಲುವು. ಗಾಂಧೀಜಿ ಅದನ್ನು ಅಚ್ಚು ಹಾಕಿ, ಕೆಳಗೆ ತಮ್ಮ ಉತ್ತರ ಬರೆದರು. ತನ್ನ ಪತ್ರಿಕೆಯ ಮೊದಲ ಸಂಚಿಕೆಯಲ್ಲೇ ತನ್ನ ಮಾತಿಗೆ ಇಷ್ಟು ಗಟ್ಟಿಯಾದ ಎದುರು ಮಾತಿಗೆ ಜಾಗ ಕೊಟ್ಟ ಸಂಪಾದಕರು ಎಷ್ಟು ಜನ ಇದ್ದಾರು ಹೇಳಿ.

ಇಂಥ ಮನುಷ್ಯ ವಾರ್ಧಾ ಕಡೆಗೆ ಬಂದದ್ದು ಹೇಗೆ? 1930ರ ಮಾರ್ಚ್ 12ರಂದು ದಂಡಿಗೆ ಹೊರಟಾಗ, ಸ್ವರಾಜ್ಯ ಸಿಗುವವರೆಗೂ ಸಾಬರಮತಿ ಆಶ್ರಮಕ್ಕೆ ಮರಳುವುದಿಲ್ಲ ಎಂದು ನಿರ್ಧಾರ ಮಾಡಿದ್ದರು. ಹಾಗಾಗಿ ಆಮೇಲೆ ಒಂದು ನೆಲೆ ಬೇಕಾಯಿತು. ವಾರ್ಧಾದ ಉದ್ಯಮಿ ಜಮ್ನಾಲಾಲ್ ಬಜಾಜ್ ತಮ್ಮೂರಿಗೆ ಕರೆದರು. 1934ರ ಕೊನೆಯಲ್ಲಿ ಅಲ್ಲಿ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಶುರುವಾಯಿತು, ಜೆ.ಸಿ. ಕುಮಾರಪ್ಪ ಅದರ ಬೆನ್ನೆಲುಬು. ಗಾಣ, ಕುಟ್ಟಿದ ಅಕ್ಕಿ, ಬೆಲ್ಲ, ಕೈಕಾಗದ, ಜೇನು ಇವೇ ಮಾತು, ಇವೇ ಪ್ರಯೋಗ. ಆದರೆ ಹಳ್ಳಿಯ ಬಗ್ಗೆ ಪಟ್ಟಣದಲ್ಲಿ ಕೂತು ಬರೆಯುವುದು ಗಾಂಧೀಜಿಗೆ ಸರಿ ಬರಲಿಲ್ಲ. ಅವರ ಶಿಷ್ಯೆ ಮೀರಾಬೆನ್ ಮೊದಲೇ ಸೇಗಾಂವ್ ಅನ್ನುವ ಹಳ್ಳಿಗೆ, ಅಂದರೆ ಇಂದಿನ ಸೇವಾಗ್ರಾಮಕ್ಕೆ, ಹೋಗಿ ನೆಲೆಸಿದ್ದರು. 1936ರ ಏಪ್ರಿಲ್ 30ರಂದು ಗಾಂಧೀಜಿಯೂ ಅಲ್ಲಿಗೆ ಬಂದರು. ಆಗ ಅವರಿಗೆ 66 ವರ್ಷ ದಾಟಿತ್ತು.

ಆ ಸೇಗಾಂವ್ ಹೇಗಿತ್ತು ಅಂದರೆ, ಸರಿಯಾದ ರಸ್ತೆ ಇಲ್ಲ, ಅಂಚೆ ಕಚೇರಿ ಇಲ್ಲ, ಮಳೆಗಾಲದಲ್ಲಿ ಎರೆಮಣ್ಣು ಕಾಲು ಹಿಡಿದು ಬಿಡುವುದಿಲ್ಲ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಸೆಕೆ. ಹಾವು, ಮಲೇರಿಯಾ ಎರಡೂ ಇದ್ದವು. ಹಾವನ್ನು ಕೊಲ್ಲದೆ ಹಿಡಿದು ದೂರ ಬಿಡಲು ಬಳಸುತ್ತಿದ್ದ ಪೆಟ್ಟಿಗೆ ಇವತ್ತಿಗೂ ಆಶ್ರಮದಲ್ಲಿ ನೋಡಲು ಸಿಗುತ್ತದೆ. ಊರಿನಲ್ಲಿ ಜಾಸ್ತಿ ಜನ ಅಸ್ಪೃಶ್ಯರೆನಿಸಿಕೊಂಡವರೇ. ಅದಕ್ಕೇ ಅಲ್ಲಿಗೆ ಹೋದದ್ದು.

ಇಲ್ಲಿ ನಮ್ಮ ಕರ್ನಾಟಕದ ಒಂದು ಎಳೆ ಬರುತ್ತದೆ. ಸೇಗಾಂವ್‌ಗೆ ಕಾಲಿಟ್ಟ ಕೆಲವೇ ದಿನಗಳಲ್ಲಿ ಗಾಂಧೀಜಿ ನಂದಿ ಬೆಟ್ಟಕ್ಕೆ ಬಂದರು. ಆ ವರ್ಷದ ಮೇ ತಿಂಗಳ ಬಹುಪಾಲು ಸರ್ದಾರ್ ಪಟೇಲರ ಜೊತೆ ಅಲ್ಲೇ ಕಳೆದರು. 1927ರಲ್ಲಿ ಆರೋಗ್ಯ ಕೆಟ್ಟಾಗಲೂ ಅವರನ್ನು ಸುಧಾರಿಸಿದ್ದು ಇದೇ ಬೆಟ್ಟದ ಗಾಳಿ. ನಂದಿಯ ತಂಪಿನಿಂದ ಹೊರಟು, ಜೂನ್‌ನಲ್ಲಿ ಮಳೆಯಲ್ಲಿ ನೆನೆಯುತ್ತಾ ವಾರ್ಧಾದಿಂದ ಸೇಗಾಂವ್‌ಗೆ ನಡೆದುಕೊಂಡೇ ಮರಳಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಲೇರಿಯಾ ಬಂದು ವಾರ್ಧಾದ ಆಸ್ಪತ್ರೆಗೆ ಸೇರಬೇಕಾಯಿತು. ಅರಳಿ ನೆಟ್ಟ ವರ್ಷ ಹೀಗಿತ್ತು. ಹಾರ, ಬ್ಯಾಂಡು, ಫೋಟೋ ಇಟ್ಟುಕೊಂಡು ನಡೆಯುವ ವನಮಹೋತ್ಸವದ ಚಿತ್ರವನ್ನು ದಯವಿಟ್ಟು ಇದರ ಮೇಲೆ ಹೇರಬೇಡಿ.

ಆಶ್ರಮದ ಮೊದಲ ಮನೆ ಆದಿ ನಿವಾಸ. ಖರ್ಚು 500 ರೂಪಾಯಿ ಮೀರಬಾರದು, ಸಾಮಾನು ಸುತ್ತಮುತ್ತ ಸಿಗುವುದೇ ಆಗಿರಬೇಕು, ಕೆಲಸದವರು ಸ್ಥಳೀಯರೇ ಆಗಿರಬೇಕು ಅನ್ನುವುದು ಷರತ್ತು. ಮಣ್ಣಿನ ಗೋಡೆ, ಬಿದಿರು, ನಾಡಹೆಂಚು. ಆಮೇಲೆ ಬಾಪು ಕುಟಿ, ಬಾ ಕುಟಿ, ಕುಷ್ಠರೋಗವಿದ್ದ ಪರಚುರೆ ಶಾಸ್ತ್ರಿಗಳಿಗಾಗಿ ಒಂದು ಕುಟಿ. ಇವು ಯಾವುವೂ ನೂರಾರು ವರ್ಷ ನಿಲ್ಲಲಿ ಎಂದು ಕಟ್ಟಿದ ಮನೆಗಳಲ್ಲ. ಮಣ್ಣಿನ ಗೋಡೆಗೆ ಮತ್ತೆ ಮತ್ತೆ ಸಾರಣೆ ಮಾಡಬೇಕು, ಗೆದ್ದಲು ನೋಡಬೇಕು, ಹೆಂಚು ಕೈಯಾಡಿಸಬೇಕು. ಪ್ರಾರ್ಥನೆಗಂತೂ ಸೂರೇ ಇಲ್ಲ. ಬೆಳಿಗ್ಗೆ ನಸುಕಿನಲ್ಲಿ, ಸಂಜೆ ಇಳಿಹೊತ್ತಿನಲ್ಲಿ ಬಯಲಲ್ಲೇ ನೆಲದ ಮೇಲೆ ಕೂರುವುದು. ಎಲ್ಲಾ ಧರ್ಮದ ಪ್ರಾರ್ಥನೆಗಳೂ ಅಲ್ಲಿ ನಡೆಯುತ್ತಿದ್ದವು, ಈಗಲೂ ನಡೆಯುತ್ತವೆ. ಗುಡಿ ಕಟ್ಟಲಿಲ್ಲ, ಮೂರ್ತಿ ಇಡಲಿಲ್ಲ. ಇಂಥ ಜಾಗದ ಪಕ್ಕದಲ್ಲಿ ಒಂದು ಅರಳಿ ಸಸಿ ಇಟ್ಟರು.

ಅರಳಿಯನ್ನೇ ಯಾಕೆ ಅನ್ನುವುದಕ್ಕೆ ನಾನು ಕಥೆ ಕಟ್ಟುವುದಿಲ್ಲ. ಆದರೆ ಮರಗಳ ಬಗ್ಗೆ ಅವರು ಏನು ಯೋಚಿಸುತ್ತಿದ್ದರು ಅನ್ನುವುದು ಬರಹದಲ್ಲಿ ಸಿಗುತ್ತದೆ. 1929ರಲ್ಲಿ ಯಂಗ್ ಇಂಡಿಯಾದಲ್ಲಿ ವೃಕ್ಷಪೂಜೆಯ ಬಗ್ಗೆ ಬರೆದರು. ಮರಕ್ಕೆ ಕೈಮುಗಿಯುವುದು ಮೂಢನಂಬಿಕೆ ಅಲ್ವಾ ಎಂಬ ಪ್ರಶ್ನೆಗೆ ಕೊಟ್ಟ ಉತ್ತರ ಅದು. ಸ್ವಾರ್ಥಕ್ಕಾಗಿ ಹರಕೆ ಹೊರುವುದನ್ನು ಅವರು ಒಪ್ಪಲಿಲ್ಲ. ಆದರೆ ಸಸ್ಯಲೋಕದ ಮುಂದೆ ತಲೆಬಾಗುವುದರಲ್ಲಿ ಒಂದು ಕರುಣೆಯೂ ಕಾವ್ಯವೂ ಇದೆ ಎಂದರು. ಹಾಗೆಯೇ ಮೀರಾಬೆನ್ ಬರೆದಿಟ್ಟಿರುವ ಒಂದು ಪ್ರಸಂಗ ಇದೆ. ಹತ್ತಿ ಹಿಂಜುವ ಬಿಲ್ಲಿನ ದಾರಕ್ಕೆ ಉಜ್ಜಲು ಜಾಲಿ ಎಲೆ ಬೇಕಿತ್ತು. ರಾತ್ರಿ ಹೊತ್ತಲ್ಲಿ ಒಬ್ಬ ಸ್ವಯಂಸೇವಕ ಹೋಗಿ ದೊಡ್ಡ ಕಟ್ಟೇ ಕಿತ್ತು ತಂದ. ಎಲೆಗಳೆಲ್ಲ ಮಡಚಿಕೊಂಡಿದ್ದವು. ಅದನ್ನು ನೋಡಿ ಗಾಂಧೀಜಿ ನೊಂದುಕೊಂಡರು. ಮರ ಮಲಗಿರುವ ಹೊತ್ತಲ್ಲಿ ಕೀಳುವುದೇ? ಅದೂ ಬೇಕಾದ್ದಕ್ಕಿಂತ ಇಷ್ಟು ಜಾಸ್ತಿ? ಬೇಕಾದ್ದಕ್ಕಿಂತ ಜಾಸ್ತಿ ಅನ್ನುವ ಆ ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. ಮುಂದೆ ರಸ್ತೆಯ ವಿಷಯಕ್ಕೆ ಬಂದಾಗ ಅದು ನೇರವಾಗಿ ಅನ್ವಯಿಸುತ್ತದೆ.

ಸಸಿ ನೆಟ್ಟ ಮೇಲೆ ಸುತ್ತ ಏನೇನು ನಡೆಯಿತು ನೋಡಿ.

ಹರಿಜನ ಪತ್ರಿಕೆಯ ಬರಹಗಳು ಆ ಗುಡಿಸಿಲಿಂದಲೇ ಹೋಗುತ್ತಿದ್ದವು. ಕೆಳಗೆ ಚಾಪೆ, ಮುಂದೆ ಚಿಕ್ಕ ಮೇಜು, ಸೀಸಕಡ್ಡಿಯ ಚೂರು. ಅಚ್ಚಾಗುವುದು ದೂರದ ಊರಿನಲ್ಲಿ. ನಡುವೆ ಕಾಗದ ಪತ್ರ ಹೊತ್ತು ಓಡಾಡಿದವರು ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ. ಅವರ ವಾಸ ವಾರ್ಧಾದ ಮಗನ್‌ವಾಡಿಯಲ್ಲಿ. ಅಲ್ಲಿಂದ ದಿನವೂ ಸೇಗಾಂವ್‌ಗೆ ನಡೆದು ಬಂದು, ದಿನವಿಡೀ ಬರೆದು, ಮತ್ತೆ ನಡೆದು ವಾಪಸ್. ಹೋಗಿ ಬರುವುದು ಸೇರಿ ಸುಮಾರು 11 ಮೈಲಿ, ವಾರ್ಧಾದ ಬಿಸಿಲಲ್ಲೂ! ಎರಡು ವರ್ಷದಲ್ಲಿ ಅವರ ಆರೋಗ್ಯ ಕುಸಿಯಿತು. ಸೇವಾಗ್ರಾಮದ ರಸ್ತೆ ಅಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಮಹಾದೇವಭಾಯಿ. ನೆರಳಿನ ಬೆಲೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ?

1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ನಡೆದು ನಯೀ ತಾಲೀಮ್ ರೂಪ ಪಡೆಯಿತು. ಅದರ ಕೆಲಸವೂ ಸೇವಾಗ್ರಾಮದಲ್ಲೇ ಬೇರೂರಿತು. ಮಕ್ಕಳು ನೂಲುತ್ತಾ, ತೋಟ ಮಾಡುತ್ತಾ ಕಲಿಯಬೇಕು ಅನ್ನುವುದು ಅದರ ಜೀವಾಳ. 1940ರಲ್ಲಿ ಊರಿನ ಹೆಸರು ಸೇವಾಗ್ರಾಮ ಎಂದಾಯಿತು. ಕಾರಣ ತುಂಬಾ ಸರಳ. ರೈಲು ದಾರಿಯ ಮೇಲೆ ಶೇಗಾಂವ್ ಅನ್ನುವ ಇನ್ನೊಂದು ಊರಿತ್ತು, ಗಾಂಧೀಜಿಗೆ ಬಂದ ಕಾಗದಗಳೆಲ್ಲ ಅಲ್ಲಿಗೆ ಹೋಗಿಬಿಡುತ್ತಿದ್ದವು. ಆಮೇಲೆ ವೈಸರಾಯ್ ನೇರವಾಗಿ ಮಾತಾಡಲು ಈ ಮಣ್ಣಿನ ಮನೆಗಳ ನಡುವೆ ಟೆಲಿಫೋನ್ ಕೂಡ ಬಂತು. 1942ರ ಜುಲೈ 14ರಂದು ವಾರ್ಧಾದಲ್ಲಿ ಕಾಂಗ್ರೆಸ್ ಕಾರ್ಯಕಾರಿಣಿ ಬ್ರಿಟಿಷರು ತೊಲಗಬೇಕು ಎಂಬ ಠರಾವು ಮಾಡಿತು. ಆಗಸ್ಟ್‌ನಲ್ಲಿ ಎಲ್ಲರೂ ಜೈಲಿಗೆ. ಹರಿಜನ ಪತ್ರಿಕೆಗೆ ನಿಷೇಧ. ಅಹಮದಾಬಾದಿನ ನವಜೀವನ ಮುದ್ರಣಾಲಯಕ್ಕೆ ಬೀಗ, ಹಳೆಯ ಸಂಚಿಕೆಗಳ ಕಡತಗಳ ನಾಶ. ಆಗಸ್ಟ್ 15ರಂದು ಮಹಾದೇವ ದೇಸಾಯಿ ಆಗಾ ಖಾನ್ ಅರಮನೆಯ ಸೆರೆಯಲ್ಲೇ ತೀರಿಕೊಂಡರು. 1944ರ ಫೆಬ್ರುವರಿ 22ರಂದು ಕಸ್ತೂರಬಾ ಕೂಡ ಅಲ್ಲೇ. ಬಿಡುಗಡೆಯಾಗಿ ಆ ವರ್ಷ ಗಾಂಧೀಜಿ ಸೇವಾಗ್ರಾಮಕ್ಕೆ ಬಂದಾಗ, ಬಾ ನೆಟ್ಟ ಬಕುಲ ಇತ್ತು, ಬಾ ಇರಲಿಲ್ಲ.

1946ರ ಆಗಸ್ಟ್‌ನಲ್ಲಿ ಗಾಂಧೀಜಿ ಸೇವಾಗ್ರಾಮದಿಂದ ದೆಹಲಿಗೆ ಹೊರಟರು. ಆಮೇಲೆ ನೌಖಾಲಿ, ಬಿಹಾರ, ಕಲ್ಕತ್ತ, ಮತ್ತೆ ದೆಹಲಿ. ಮರಳಿ ಬರುವ ಯೋಚನೆ ಇದ್ದೇ ಇತ್ತು, ಆದರೆ ಬರಲಾಗಲಿಲ್ಲ. ಅರಳಿಗೆ ಆಗ ಹತ್ತೇ ವರ್ಷ. ಈಗ ಅದಕ್ಕೆ ತೊಂಬತ್ತರ ಆಸುಪಾಸು. ಅಂದರೆ ನೆಟ್ಟವರ ಕಣ್ಣಳತೆಯಲ್ಲಿ ಬೆಳೆದದ್ದು ಅದರ ಆಯಸ್ಸಿನ ಒಂದು ಚಿಕ್ಕ ಪಾಲು ಮಾತ್ರ. ಉಳಿದದ್ದನ್ನೆಲ್ಲ ನೋಡಿಕೊಂಡವರು ಹೆಸರಿಲ್ಲದ ಆಶ್ರಮವಾಸಿಗಳು, ನೀರು ಹಾಕಿದವರು, ಕಸ ಗುಡಿಸಿದವರು, ದನ ಅಟ್ಟಿದವರು. ನೆಟ್ಟವರ ಹೆಸರಿನ ಬೋರ್ಡು ಓದುವಾಗ ನಾವು ಇವರನ್ನು ಮರೆಯುತ್ತೇವೆ.

ಇನ್ನು ಒಂದು ಮರ ಇಂಥವರೇ ನೆಟ್ಟದ್ದು ಎಂದು ಒಪ್ಪುವುದು ಹೇಗೆ? ದೇಶದಲ್ಲಿ ದೊಡ್ಡವರು ನೆಟ್ಟದ್ದು ಎಂದು ಹೇಳಿಕೊಳ್ಳುವ ಮರಗಳಿಗೆ ಲೆಕ್ಕವಿಲ್ಲ. ಕೆಲವು ನಿಜ, ಕೆಲವು ಊರಿನ ಆಸೆ. ಸೇವಾಗ್ರಾಮದ ಅರಳಿಯ ವಿಷಯದಲ್ಲಿ ಗಟ್ಟಿಯಾದ ಅಂಶಗಳು ಮೂರು ಕಡೆಯಿಂದ ಬರುತ್ತವೆ. ನೆಟ್ಟ ವರ್ಷದಲ್ಲಿ ನೆಟ್ಟವರು ಅಲ್ಲೇ ವಾಸವಿದ್ದರು, ಭಾಷಣಕ್ಕೆ ಬಂದು ಹೋದವರಲ್ಲ. ಅವರ ದಿನದಿನದ ಓಡಾಟ, ಪತ್ರ, ಬರಹಗಳು ಒಟ್ಟು ಬರಹಗಳ 100 ಸಂಪುಟಗಳಲ್ಲಿ ಇವೆ, ಹಾಗಾಗಿ ಅವರು ಯಾವಾಗ ಅಲ್ಲಿದ್ದರು, ಯಾವಾಗ ನಂದಿಯಲ್ಲಿದ್ದರು ಅನ್ನುವುದಕ್ಕೆ ಗೊಂದಲವಿಲ್ಲ. ಎಲ್ಲಕ್ಕಿಂತ ದೊಡ್ಡದು, 1936ರಿಂದ ಇವತ್ತಿನವರೆಗೂ ಆ ಜಾಗ ಒಂದೇ ಉದ್ದೇಶಕ್ಕೆ, ಒಂದೇ ಸಮುದಾಯದ ಕೈಯಲ್ಲಿ ಇದೆ. 1948ರ ಮಾರ್ಚ್‌ನಲ್ಲಿ, ಗಾಂಧೀಜಿ ತೀರಿಕೊಂಡ ಆರು ವಾರಕ್ಕೆ, ನೆಹರು, ವಿನೋಬಾ, ಆಜಾದ್, ಕೃಪಲಾನಿ, ಜಯಪ್ರಕಾಶ್ ಎಲ್ಲ ಮುಂದೇನು ಎಂದು ಯೋಚಿಸಲು ಸೇರಿದ್ದೂ ಸೇವಾಗ್ರಾಮದಲ್ಲೇ. ನೋಡಿದವರಿಂದ ನೋಡಿದವರಿಗೆ ಮಾತು ಹರಿದು ಬಂದಿದೆ, ನಡುವೆ ಕಡಿದುಹೋಗಿಲ್ಲ.

ಅರಳಿ ಜಾತಿಗೆ ಈ ತರಹದ ಜ್ಞಾಪಕ ಹೊಸದೇನಲ್ಲ. ಶ್ರೀಲಂಕಾದ ಅನುರಾಧಪುರದಲ್ಲಿ ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ನೆಟ್ಟ ಬೋಧಿ ಇದೆ. ಮನುಷ್ಯರು ನೆಟ್ಟದ್ದು, ಇಂಥ ಕಾಲದಲ್ಲಿ ನೆಟ್ಟದ್ದು ಎಂದು ದಾಖಲೆ ಇರುವ ಮರಗಳಲ್ಲಿ ಅದೇ ಅತ್ಯಂತ ಹಳೆಯದು ಅನ್ನುತ್ತಾರೆ. ಬೋಧಗಯಾದ್ದು ಇನ್ನೊಂದು ಕಥೆ. ಅಲ್ಲಿನ ಹಳೆಯ ಮರ 1876ರಲ್ಲಿ ಗಾಳಿಮಳೆಗೆ ಉರುಳಿತು. ಅದರ ಸಂತಾನವನ್ನೇ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ 1881ರಲ್ಲಿ ನೆಡಿಸಿದರು, ಈಗ ನಿಂತಿರುವುದು ಅದು. ಮರ ಸತ್ತರೂ ವಂಶ ಉಳಿಸಬಹುದು, ಆದರೆ ಅದಕ್ಕೆ ಮೊದಲೇ ತಯಾರಿ ಬೇಕು.

ಈಗ ಹೊರಗಿನ ರಸ್ತೆಗೆ ಬರೋಣ. ವಾರ್ಧಾದಿಂದ ಸೇವಾಗ್ರಾಮಕ್ಕೆ ಹೋಗುವ ದಾರಿಯ ಬದಿಯಲ್ಲಿ ಹಳೆಯ, ದೊಡ್ಡ ಮರಗಳ ಸಾಲಿತ್ತು. 2020ರಲ್ಲಿ, ಕೊರೊನಾ ಕಾಲದಲ್ಲಿ, ರಸ್ತೆ ಅಗಲ ಮಾಡಲು ಅವುಗಳಲ್ಲಿ ಹತ್ತಾರು ಮರಗಳನ್ನು ಕಡಿದರು. ಆಶ್ರಮದ ಕಾಲದಲ್ಲಿ, ಗಾಂಧೀಜಿಯ ಜೊತೆಗಿದ್ದವರು ನೆಟ್ಟು ಬೆಳೆಸಿದ ಮರಗಳೂ ಅವುಗಳಲ್ಲಿವೆ ಎಂದು ಊರಿನವರು, ಆಶ್ರಮದವರು ದನಿಯೆತ್ತಿದರು. ವಾರ್ಧಾದ ನಾಗರಿಕರು ಬೀದಿಗಿಳಿದರು. ಮರಗಳ ಮುಂದೆ ನಿಂತರು, ಅರ್ಜಿ ಬರೆದರು, ದೇಶದ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕಡಿಯುವುದು ನಿಂತಿತು. ಆದರೆ ನಿಲ್ಲುವ ಹೊತ್ತಿಗೆ ಎಷ್ಟೋ ಮರ ಹೋಗಿಯಾಗಿತ್ತು.

ಯಾವ ಮಹಾತ್ಮರ ನೆನಪನ್ನು ನೋಡಲು ಜನ ಬರಲಿ ಎಂದು ರಸ್ತೆ ಅಗಲ ಮಾಡುತ್ತೇವೋ, ಆ ನೆನಪಿನ ಒಂದು ಭಾಗವನ್ನೇ ಕಡಿದು ರಸ್ತೆ ಮಾಡುವುದು. ಇದು ನನಗೆ ಸಹಿಸಲಾಗದ ಸಂಗತಿ. ಅಧಿಕಾರಿಗಳು ಕೆಟ್ಟವರು ಎಂದು ಬೈದು ಮುಗಿಸಿದರೆ ವಿಷಯ ಅಲ್ಲಿಗೇ ನಿಲ್ಲುತ್ತದೆ. ನಾನು ನೋಡುವ ಹಾಗೆ ತಪ್ಪಿನ ಬೇರು ಬೇರೆ ಕಡೆ ಇದೆ. ಒಳಗಿನ ಅರಳಿಗೆ ಒಂದು ಬೋರ್ಡು ಇತ್ತು. ರಸ್ತೆಯ ಮರಗಳಿಗೆ ಒಂದು ಪಟ್ಟಿಯೂ ಇರಲಿಲ್ಲ. ಎಷ್ಟು ಮರ, ಯಾವ ಜಾತಿ, ಸುತ್ತಳತೆ ಎಷ್ಟು, ಯಾವ ಕಾಲದ್ದು, ಯಾರ ಮನೆಯವರಿಗೆ ಅದರ ನೆನಪಿದೆ, ಇಂಥ ಪಟ್ಟಿಯೊಂದು ಮೊದಲೇ ಸಿದ್ಧವಿದ್ದು ಊರಿನ ಪಂಚಾಯ್ತಿಯ ಕೈಯಲ್ಲಿ, ಜಿಲ್ಲಾ ಕಚೇರಿಯಲ್ಲಿ, ಪತ್ರಿಕೆಯವರ ಹತ್ತಿರ ಒಂದೊಂದು ಪ್ರತಿ ಇದ್ದಿದ್ದರೆ, ರಸ್ತೆಯ ನಕ್ಷೆ ಬರೆಯುವವರು ಮೊದಲ ದಿನವೇ ಅದನ್ನು ಎದುರಿಸಬೇಕಾಗುತ್ತಿತ್ತು. ಪಟ್ಟಿ ಇಲ್ಲದಿದ್ದರೆ ನಕ್ಷೆಯಲ್ಲಿ ಮರ ಅಡ್ಡಿ ಮಾತ್ರ.

ಕಾನೂನು ಏನನ್ನುತ್ತದೆ? ಮಹಾರಾಷ್ಟ್ರದಲ್ಲಿ ನಗರ ಪ್ರದೇಶದ ಮರಗಳ ರಕ್ಷಣೆಗೆ 1975ರ ಕಾಯ್ದೆ ಇದೆ. 2021ರಲ್ಲಿ ಅದಕ್ಕೆ ತಿದ್ದುಪಡಿ ಬಂತು. 50 ವರ್ಷ ದಾಟಿದ ಮರ ಪಾರಂಪರಿಕ ಮರ. ಅದನ್ನು ಕಡಿಯಲೇಬೇಕಾದರೆ ಅದರ ವಯಸ್ಸು ಎಷ್ಟೋ ಅಷ್ಟು ಸಸಿ ನೆಡಬೇಕು. ಹೊಸ ಆಲೋಚನೆ, ಒಳ್ಳೆಯದೇ. ಮರದ ವಯಸ್ಸಿಗೆ ಕಾನೂನಿನಲ್ಲಿ ಬೆಲೆ ಕೊಟ್ಟರಲ್ಲ, ಅದು ದೊಡ್ಡ ಹೆಜ್ಜೆ. ಆದರೆ ಹೆಸರೇ ಹೇಳುವಂತೆ ಅದು ನಗರ ಪ್ರದೇಶಗಳ ಕಾಯ್ದೆ. ಹಳ್ಳಿಯ ದಾರಿಬದಿಯ ಮರಕ್ಕೆ ಅದರ ನೆರಳು ತಾನಾಗಿಯೇ ಬೀಳುವುದಿಲ್ಲ. ಗಾಂಧೀಜಿ ಬೇಕೆಂದೇ ಪಟ್ಟಣ ಬಿಟ್ಟು ಹಳ್ಳಿಗೆ ಹೋದರು, ಮರ ಕಾಯುವ ಗಟ್ಟಿ ಕಾನೂನು ಪಟ್ಟಣದಲ್ಲೇ ಉಳಿಯಿತು.

ಇನ್ನೊಂದು ಮಾತು. 80 ವರ್ಷದ ಒಂದು ಮರಕ್ಕೆ 80 ಸಸಿ ಅನ್ನುವ ಲೆಕ್ಕ ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆ ಸಸಿಗಳು ಬೇರೆಲ್ಲೋ ನೆಡಲ್ಪಟ್ಟರೆ ಈ ದಾರಿಯಲ್ಲಿ ನಡೆಯುವವರಿಗೆ ಏನು ಬಂತು? ಬಿಸಿಲಲ್ಲಿ ಶಾಲೆಗೆ ಹೋಗುವ ಮಗುವಿಗೆ ನೆರಳು ಇಲ್ಲೇ ಬೇಕು, ಈಗಲೇ ಬೇಕು. ರಸ್ತೆ ಅಗಲ ಮಾಡುವುದೇ ಬೇಡ ಎಂದು ನಾನು ಹೇಳುತ್ತಿಲ್ಲ. ಆಸ್ಪತ್ರೆ, ಕಾಲೇಜು ಎಲ್ಲಾ ಇರುವ ಊರು ಅದು, ಗಾಡಿಗಳು ಜಾಸ್ತಿಯಾಗಿವೆ. ಆದರೆ ಮರದ ಸಾಲನ್ನು ನಡುವೆ ಉಳಿಸಿಕೊಂಡು ಎರಡೂ ಕಡೆ ದಾರಿ ಮಾಡಬಹುದು, ಕೆಲವು ಕಡೆ ಕಿರಿದಾಗಿಯೇ ಬಿಟ್ಟು ವೇಗ ತಗ್ಗಿಸಬಹುದು. ಎಷ್ಟು ಅಗಲ ನಿಜವಾಗಿ ಬೇಕು ಎಂದು ಮೊದಲು ಕೇಳಬೇಕು. ಜಾಲಿ ಎಲೆಯ ಪ್ರಸಂಗದಲ್ಲಿ ಗಾಂಧೀಜಿ ಕೇಳಿದ್ದೂ ಅದನ್ನೇ.

ನಮ್ಮ ರಾಜ್ಯದಲ್ಲಿ ಒಂದು ಬೇರೆ ದಾರಿಯ ಉದಾಹರಣೆ ಇದೆ. ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪು. 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಪಾರಂಪರಿಕ ತಾಣ ಘೋಷಿಸುವ ಅವಕಾಶ ಇದೆ. 2007ರಲ್ಲಿ ಅದನ್ನು ಬಳಸಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಆದದ್ದು ಇದೇ ನಲ್ಲೂರು. ಅಲ್ಲಿ ಒಂದು ಮರವನ್ನು ಆರಿಸಿ ಬೋರ್ಡು ಹಾಕಲಿಲ್ಲ, ಇಡೀ ತೋಪನ್ನು ಒಟ್ಟಾಗಿ ಹೆಸರಿಸಿದರು. ಸೇವಾಗ್ರಾಮದಲ್ಲೂ ಅರಳಿ, ಬಕುಲ, ಆಶ್ರಮದ ಬೇವು, ಹೊರಗಿನ ಸಾಲುಮರ ಎಲ್ಲವನ್ನೂ ಒಂದೇ ಕುಟುಂಬ ಎಂದು ನೋಡುವ ದಾಖಲೆ ಬೇಕು. ಲಾಲ್‌ಬಾಗಿನಲ್ಲಿ ಗಣ್ಯರು ನೆಟ್ಟ ಗಿಡಗಳ ಮುಂದೆ ಫಲಕಗಳಿವೆ, ಅದು ಸರಿ. ಆದರೆ ಫಲಕ ಇರುವ ಮರ ಮಾತ್ರ ಚರಿತ್ರೆ, ಉಳಿದವು ಸುಮ್ನೆ ಮರ ಅಂದುಕೊಂಡರೆ ಎಡವುತ್ತೇವೆ.

ಗಾಂಧೀಜಿಯಂತೂ ತನ್ನ ಪ್ರತಿಮೆ ನಿಲ್ಲಿಸುವುದನ್ನು ಹರಿಜನ ಪತ್ರಿಕೆಯಲ್ಲೇ ವಿರೋಧಿಸಿದವರು. ಆ ಹಣ ಬೇರೆ ಉಪಯೋಗದ ಕೆಲಸಕ್ಕೆ ಹೋಗಲಿ ಅನ್ನುವುದು ಅವರ ಮಾತು. ಹೆಸರಿನ ಬಲದಿಂದ ಒಂದು ಮರ ಉಳಿದು, ಹೆಸರಿಲ್ಲದ ಕಾರಣಕ್ಕೆ ಹತ್ತಾರು ಮರ ಹೋದದ್ದನ್ನು ಅವರು ಒಪ್ಪುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ.

ಇನ್ನು ಉಳಿದಿರುವ ಅರಳಿಯ ಆರೈಕೆ. ಇಲ್ಲಿ ಮರ ಬಲ್ಲವರ ಮಾತನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಊರುಗಳ ಅರಳಿಕಟ್ಟೆಗಳಿಗೂ ಇದು ಬೇಕು. ದೊಡ್ಡ ಮರಕ್ಕೆ ನೀರು, ಗೊಬ್ಬರ ಎಳೆಯುವ ಸಣ್ಣ ಬೇರುಗಳು ಆಳದಲ್ಲಿ ಇರುವುದಿಲ್ಲ. ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ, ಅದೂ ಕೊಂಬೆಗಳ ಹರವನ್ನು ದಾಟಿ. ಬುಡಕ್ಕೆ ಸಿಮೆಂಟ್ ಹಾಕಿದರೆ, ಟೈಲ್ಸ್ ಕೂರಿಸಿದರೆ ಆ ಬೇರುಗಳಿಗೆ ಗಾಳಿ, ನೀರು ಎರಡೂ ಹೋಗುವುದಿಲ್ಲ. ಮರ ತಕ್ಷಣ ಸಾಯುವುದಿಲ್ಲ. ಮೊದಲು ತುದಿಯ ಕೊಂಬೆಗಳು ಒಣಗುತ್ತವೆ, ಎಲೆ ಚಿಕ್ಕದಾಗುತ್ತದೆ, ಐದಾರು ವರ್ಷ ಬಿಟ್ಟು ಒಂದು ಗಾಳಿಗೆ ಉರುಳುತ್ತದೆ. ಆಗ ಎಲ್ಲರೂ ಗಾಳಿಯನ್ನು ದೂರುತ್ತಾರೆ. ದೆಹಲಿಯಲ್ಲಿ ಮರದ ಬುಡದಿಂದ ಒಂದು ಮೀಟರ್ ಸುತ್ತ ಕಾಂಕ್ರೀಟ್ ಇರಬಾರದು ಎಂದು 2013ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿದೆ. ಒಂದು ಮೀಟರ್ ಕೂಡ ಅರಳಿಯಂಥ ಮರಕ್ಕೆ ಸಾಲದು, ಆದರೆ ಅಷ್ಟಾದರೂ ಬೇಕು.

ಜನ ಜಾಸ್ತಿ ಬರುವ ಜಾಗದಲ್ಲಿ ಕಾಲ್ತುಳಿತವೂ ಅಷ್ಟೇ ಕೆಟ್ಟದ್ದು. ಭಕ್ತಿಯಿಂದ ಬಂದವರೂ ಮಣ್ಣನ್ನು ಗಟ್ಟಿ ಮಾಡಿಬಿಡುತ್ತಾರೆ. ವಿದರ್ಭದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರುಕು ಬಿಡುವಂಥದ್ದು, ಅದರ ಮೇಲೆ ದಿನವೂ ತುಳಿದರೆ ಬೇಗ ಗಟ್ಟಿಯಾಗುತ್ತದೆ. ಉದುರಿದ ಎಲೆಯನ್ನು ಗುಡಿಸಿ ಸುಡದೆ ಬುಡದ ಸುತ್ತ ಹೊದಿಕೆಯಾಗಿ ಬಿಟ್ಟರೆ ಅರ್ಧ ಕೆಲಸ ಆದಂತೆ. ಅರಳಿ ಬೇಸಿಗೆ ಬರುವ ಮುಂಚೆ ಎಲೆ ಉದುರಿಸಿ ತಾಮ್ರದ ಬಣ್ಣದ ಚಿಗುರು ತರುತ್ತದೆ. ಆ ದಿನಗಳಲ್ಲಿ ಬೋಳಾಗಿ ಕಂಡರೆ ಹೆದರಿ ಕೊಂಬೆ ಕತ್ತರಿಸಬಾರದು. ಅಂದ ಹಾಗೆ, ಮಣ್ಣಿನ ಗೋಡೆಗೂ ಅರಳಿಗೂ ಆಗಿಬರುವುದಿಲ್ಲ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ಹೆಂಚಿನ ಸಂದಿಗೆ, ಗೋಡೆಯ ಬಿರುಕಿಗೆ ಹಾಕುತ್ತವೆ, ಅಲ್ಲೇ ಸಸಿ ಏಳುತ್ತದೆ. ಬಾಪು ಕುಟಿಯೂ ಉಳಿಯಬೇಕು, ಅರಳಿಯೂ ಉಳಿಯಬೇಕು ಅಂದರೆ ಮಳೆಗಾಲದ ಕೊನೆಗೆ ಒಮ್ಮೆ ಸೂರು, ಗೋಡೆ ಎಲ್ಲ ನೋಡಿ ಎಳೆ ಸಸಿಗಳನ್ನು ಬೇರುಸಮೇತ ತೆಗೆಯಬೇಕು. ತೆಗೆದದ್ದನ್ನು ಎಸೆಯುವುದು ಬೇಡ. ಅವು ಆ ಮರದ ಮಕ್ಕಳೇ ಆಗಿರಬಹುದು, ಕುಂಡದಲ್ಲಿಟ್ಟು ಬೆಳೆಸಿ ಊರಿನ ರಸ್ತೆಗೆ ಕೊಡಬಹುದು.

ಆದರೆ ಬೀಜದಿಂದ ಬಂದದ್ದು ತಾಯಿಮರದ ಪಡಿಯಚ್ಚಲ್ಲ. ಅರಳಿಯ ಕಾಯೊಳಗೆ ಹೂವಿದೆ, ಅದಕ್ಕೆ ಚಿಕ್ಕ ಕಣಜ ಬೇರೆ ಮರದ ಪರಾಗ ತರುತ್ತದೆ. ಅದೇ ಮರದ ಜೀವ ಮುಂದುವರಿಯಬೇಕಾದರೆ ಗೂಟಿ ಕಟ್ಟಬೇಕು, ಅಂದರೆ ಮರದ ಮೇಲಿರುವ ಕೊಂಬೆಯಲ್ಲೇ ಬೇರು ಬರಿಸಬೇಕು, ಅಥವಾ ಕಡ್ಡಿಯಿಂದ ಬೇರು ಬರಿಸಬೇಕು. ಇದನ್ನು ಮರ ಆರೋಗ್ಯವಾಗಿದ್ದಾಗಲೇ ಮಾಡಬೇಕು. ಬಕುಲದ ವಿಷಯದಲ್ಲೂ ಹಾಗೆಯೇ, ಅದಕ್ಕಂತೂ ನಿಧಾನ ಜಾಸ್ತಿ, ಹಾಗಾಗಿ ಇನ್ನೂ ಬೇಗ ಶುರು ಮಾಡಬೇಕು.

ನನ್ನ ಕೋರಿಕೆ ಇಷ್ಟು. ಅರಳಿಯಿಂದ ಕಟ್ಟಿದ ಗೂಟಿಗಳಲ್ಲಿ ಕೆಲವನ್ನು ಆಶ್ರಮದೊಳಗೇ ಇಡಲಿ. ಉಳಿದವನ್ನು ವಾರ್ಧಾ ರಸ್ತೆಯಲ್ಲಿ, 2020ರಲ್ಲಿ ಮರ ಹೋದ ಜಾಗಗಳ ಹತ್ತಿರ, ಗಾಡಿಗೆ, ವಿದ್ಯುತ್ ತಂತಿಗೆ, ಮನೆಗಳ ಗೋಡೆಗೆ ತಾಗದಷ್ಟು ದೂರದಲ್ಲಿ ನೆಡಲಿ. ನಡುನಡುವೆ ಬೇವು, ಹೊಂಗೆ, ಹುಣಸೆ ಇರಲಿ, ಬರೀ ಅರಳಿ ಬೇಡ. ಪ್ರತಿ ಮರಕ್ಕೂ ಒಂದು ಸಂಖ್ಯೆ, ಜಾತಿ, ನೆಟ್ಟ ವರ್ಷ, ಸುತ್ತಳತೆ ಬರೆದ ಪುಸ್ತಕವೊಂದು ಗ್ರಾಮ ಪಂಚಾಯ್ತಿಯಲ್ಲಿ ಇರಲಿ. ವರ್ಷಕ್ಕೊಮ್ಮೆ ಶಾಲೆಯ ಮಕ್ಕಳೇ ಅಳತೆ ತೆಗೆದು ತುಂಬಿಸಲಿ. ಕೈಕೆಲಸ, ಲೆಕ್ಕ, ಬರವಣಿಗೆ ಮೂರೂ ಒಟ್ಟಿಗೆ ಕಲಿಯುವ ಪಾಠ ಆ ಊರಿಗೆ ಹೊಸದೇನಲ್ಲ. ಉಳಿದಿರುವ ಹಳೆಯ ಮರಗಳಿಂದಲೇ ಆ ಪುಸ್ತಕದ ಮೊದಲ ಪುಟ ಶುರುವಾಗಲಿ, ರಸ್ತೆಯ ಮುಂದಿನ ಟೆಂಡರ್ ಕರೆಯುವ ಮುಂಚೆ.